ಜಾಮೂನಿನ ದವಡೆ ಹಲ್ಲು

ನಗು ಬಂದರೆ ನಕ್ಕುಬಿಡಿ... ಆದರೆ ನಕ್ಕ ಮೇಲೂ ಕೊನೆಯವರೆಗೆ ಓದಿ.

ಮಂಡ್ಯದ ಒಂದು ಬಡಾವಣೆ. ಅಲ್ಲಿ ಪುಟ್ಟತಾಯಮ್ಮ ಅಂತ ಒಬ್ಬರು. ಅರವತ್ತೆರಡು ವರ್ಷ, ಒಂಟಿ ಜೀವ, ಮನೆ ಮುಂದೆ ಕೂತು ಹೂವು ಕಟ್ಟಿ ಮಾರುವವರು.

ಜೊತೆಗೆ ಇದ್ದದ್ದು ಒಂದು ಬೀದಿ ನಾಯಿ, ಹೆಸರು ಜಾಮೂನ್. ಎಂಟು ವರ್ಷದಿಂದ ಅವರ ಮೆಟ್ಟಿಲ ಮೇಲೆಯೇ ಬೆಳೆದದ್ದು.

ಈ ಜಾಮೂನ್ ಇದ್ದಕ್ಕಿದ್ದಂತೆ ಅನ್ನ ಬಿಟ್ಟಿತು... ಹತ್ತಿರ ಹೋದರೆ ಗುರ್ ಅಂತಿತ್ತು. ಬಾಯಿಂದ ಕೆಟ್ಟ ವಾಸನೆ.

"ನಾಯಿ ಬಾಯಿ ಇನ್ನೇನು ಮಲ್ಲಿಗೆ ಥರ ಘಮ್ ಅಂತದಾ?" ಅಂತ ಅಕ್ಕಪಕ್ಕದವರು ನಕ್ಕರು.

ಒಂದು ದಿನ ಬಡಾವಣೆ ಸಂಘದ ಅಧ್ಯಕ್ಷ ಚನ್ನಕೇಶವಯ್ಯನವರು ಪ್ರೀತಿಯಿಂದಲೇ ಅದರ ಕೆನ್ನೆ ತಟ್ಟಿದರು. ಅಷ್ಟೇ... ಅವರ ಶರ್ಟಿನ ತೋಳು ಹರಿಯಿತು.

"ಇದಕ್ಕೆ ಹುಚ್ಚು ಹಿಡಿದದೆ! ತಿಂಗಳ ಕೊನೆ ಭಾನುವಾರ ಮೀಟಿಂಗ್ ಮಾಡಿ, ವ್ಯಾನ್ ಕರೆಸಿ ಸಾಗಿಸ್ತೀನಿ, ನೋಡ್ತಿರಿ!"

ಎಂಟು ವರ್ಷ ಇಲ್ಲದ ಹುಚ್ಚು ಈಗ ಎಲ್ಲಿಂದ ಬಂತು? ಪುಟ್ಟತಾಯಮ್ಮ ಆಟೋ ಹಿಡಿದು ಜಾಮೂನನ್ನು ಪಶು ಆಸ್ಪತ್ರೆಗೆ ಕರೆದೊಯ್ದರು.

ಡಾಕ್ಟರಮ್ಮ ನಡೆದದ್ದನ್ನೆಲ್ಲ ಕೇಳಿ, ಮೆಲ್ಲಗೆ ಅದರ ತುಟಿ ಎತ್ತಿ ನೋಡಿದರು...

"ಅಮ್ಮಾ, ದವಡೆ ಹಲ್ಲು ಕೊಳೆತು ಕೀವು ತುಂಬಿದೆ. ಇಷ್ಟು ನೋವಲ್ಲೂ ಬರೀ ಬಟ್ಟೆ ಹರಿದು ಬಿಟ್ಟಿದೆ ಅಂದ್ರೆ, ಬಹಳ ಒಳ್ಳೇ ನಾಯಿ ಇದು."

ಪುಟ್ಟತಾಯಮ್ಮನಿಗೆ ಅಲ್ಲೇ ಅಳು ಬಂತು.

ಅರಿವಳಿಕೆ ಕೊಟ್ಟು ಹಲ್ಲು ಕಿತ್ತರು. ಹೊರಡುವಾಗ ಡಾಕ್ಟರಮ್ಮ ಹೇಳಿದರು, "ಗಾಯ ಮಾಯ್ದ ಮೇಲೆ ದಿನಾ ಹಲ್ಲುಜ್ಜಿ."

"ನಾಯಿಗಾ ತಾಯಿ?"

"ಹೂಂ... ಮೊದಲು ಬೆರಳಿಗೆ ಮೆತ್ತನೆ ಬಟ್ಟೆ ಸುತ್ಕೊಂಡು ಉಜ್ಜಿ. ಅಭ್ಯಾಸ ಆದ್ಮೇಲೆ ಬ್ರಷ್. ನಮ್ಮ ಪೇಸ್ಟ್ ಮಾತ್ರ ಬೇಡ, ನಾಯಿ ಉಗುಳಲ್ಲ, ನುಂಗಿಬಿಡುತ್ತೆ. ನಾಯಿಗೇ ಅಂತ ಬೇರೆ ಪೇಸ್ಟ್ ಇದೆ."

ಗಾಯ ಮಾಯಿತು. ಅವತ್ತಿನಿಂದ ದಿನಾ ಬೆಳಗ್ಗೆ ಏಳಕ್ಕೆ, ಹಳೇ ಸೀರೆಯ ತುಂಡು ಬೆರಳಿಗೆ ಸುತ್ತಿ, ನಾಯಿ ಪೇಸ್ಟ್ ಹಚ್ಚಿ ಜಾಮೂನಿನ ಹಲ್ಲುಜ್ಜುವುದು ಶುರುವಾಯಿತು... ಹಿತ್ತಲಲ್ಲಿ ಅಲ್ಲ, ಗೇಟಿನ ಮುಂದೆ, ಎಲ್ಲರ ಕಣ್ಣೆದುರಿಗೆ.

"ಏನ್ ಪುಟ್ಟತಾಯಮ್ಮಾ, ಹಲ್ಲುಜ್ಜಿ ಸ್ಕೂಲಿಗೆ ಕಳಿಸ್ತೀರಾ?" ಅಂತ ಬೀದಿಯ ಹುಡುಗನೊಬ್ಬ ಕಿಚಾಯಿಸಿದ.

"ಹೂಂ ಕಣಪ್ಪ, ನಿನಗಿಂತ ಚೆನ್ನಾಗಿ ಓದ್ತದೆ!"

ತಿಂಗಳ ಕೊನೆ ಭಾನುವಾರ ಬಂತು. ಮೀಟಿಂಗಿಗೆ ಪುಟ್ಟತಾಯಮ್ಮ ಜಾಮೂನನ್ನು ಕರೆದುಕೊಂಡೇ ಹೋದರು. ಮುಂದಿನ ಸಾಲಿನಲ್ಲಿ ಅಧ್ಯಕ್ಷರ ಹೆಂಡತಿ ಲಲಿತಾಂಬ, ಸೆರಗನ್ನು ಕೆನ್ನೆಗೆ ಒತ್ತಿ ಹಿಡಿದು ಕೂತಿದ್ದರು.

"ಹಲ್ಲು ಕೀಳಿಸಿದ್ರೆ ಗುಣ ಹೋಗ್ತದೇನಮ್ಮಾ? ನಾಯಿ ಬಾಲ ಯಾವತ್ತಿದ್ರೂ ಡೊಂಕೇ," ಅಂದರು ಅಧ್ಯಕ್ಷರು.

"ಬಾಲ ಡೊಂಕಿರಲಿ ಬಿಡಿ ಸಾಮಿ. ನಾನು ನೋಡಿದ್ದು ಹಲ್ಲು!"

ಅಷ್ಟು ಹೇಳಿ, ಜಾಮೂನಿನ ಬಾಯಿ ತೆರೆದು ಬೆರಳಿಟ್ಟು ಬಲಗಡೆ, ಎಡಗಡೆ ಉಜ್ಜಿ ತೋರಿಸಿದರು. ಅದು ಬಾಲ ಆಡಿಸುತ್ತಾ ನಿಂತಿತ್ತು.

ಆಮೇಲೆ ಪುಟ್ಟತಾಯಮ್ಮ ಮಾಡಿದ್ದನ್ನು ಯಾರೂ ಊಹಿಸಿರಲಿಲ್ಲ... ತಮ್ಮ ಬಾಯಿಂದ ಕಟ್ಟಿಸಿದ ಹಲ್ಲಿನ ಸೆಟ್ ತೆಗೆದು ಅಧ್ಯಕ್ಷರ ಫೈಲಿನ ಮೇಲೆ ಇಟ್ಟುಬಿಟ್ಟರು!

"ಇದು ನಂದು. ಗಂಡನ ಮನೇಲಿ ಹತ್ತು ವರ್ಷ ಹಲ್ಲುನೋವು ಅಂತ ಬಡ್ಕೊಂಡೆ. ಲವಂಗ ಕಚ್ಕೊಂಡು ಕೆಲಸ ನೋಡು ಅಂದ್ರು. ನೋವು ತಡೀನಾರದೆ ಸಿಡುಕಿದ್ರೆ ಬಜಾರಿ ಅಂದ್ರು. ಒಬ್ಬರಾದ್ರೂ ಎಲ್ಲಿ, ಬಾಯಿ ತೆಗಿ ನೋಡನ ಅನ್ನಲಿಲ್ಲ..."

ಹಲ್ಲಿಲ್ಲದ ಬಾಯಿ, ಮಾತು ತೊದಲುತ್ತಿತ್ತು. ಆದರೂ ಅವರು ನಿಲ್ಲಿಸಲಿಲ್ಲ.

"ನನಗಾದ್ರೂ ಮಾತು ಬರ್ತಿತ್ತು. ಇದಕ್ಕೆ ಅದೂ ಬರಲ್ಲ. ವ್ಯಾನ್ ಕರೆಸ್ತೀರಾ? ಕರೆಸಿ! ಮೊದಲು ನನ್ನ ಹತ್ತಿಸಿ!"



ಆಗ ಲಲಿತಾಂಬ ಎದ್ದು ನಿಂತರು. ಕೆನ್ನೆಯಿಂದ ಸೆರಗು ತೆಗೆದರು. ಆ ಕಡೆ ಬಾತುಕೊಂಡಿತ್ತು.

"ರೀ... ನನಗೂ ಮೂರು ತಿಂಗಳಿಂದ ಹಲ್ಲುನೋವು. ಎರಡು ಸಲ ಹೇಳ್ದೆ, ನೀವು ಪೇಪರಿಂದ ತಲೆ ಎತ್ತಲಿಲ್ಲ. ಮೂರನೇ ಸಲ ಹೇಳಕ್ಕೆ ಮನಸ್ಸು ಬರಲಿಲ್ಲ."

ಚನ್ನಕೇಶವಯ್ಯನವರ ಕಣ್ಣು ತುಂಬಿತು. ವ್ಯಾನಿನ ಮಾತು ಮತ್ತೆ ಬರಲಿಲ್ಲ.

ಮರುದಿನ ಬೆಳಗ್ಗೆ ಏಳು ಗಂಟೆ. ಅದೇ ಗೇಟು, ಅದೇ ಕೆಲಸ. ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಅಧ್ಯಕ್ಷರ ಸ್ಕೂಟರ್ ಬಂದು ನಿಂತಿತು.

"ಹಲ್ಲಿನ ಡಾಕ್ಟರ್ ಹತ್ರ ಹೊರಟಿದ್ದೀವಿ ಅಮ್ಮಾ..." ಅಂದರು, ತಲೆ ತಗ್ಗಿಸಿ.

ಪುಟ್ಟತಾಯಮ್ಮ ಉಜ್ಜುವುದನ್ನು ನಿಲ್ಲಿಸಲಿಲ್ಲ.

"ಹೋಗ್ಬನ್ನಿ ಸಾಮಿ. ಬರುವಾಗ ಜಾಮೂನ್‌ಗೆ ಒಂದು ಪೇಸ್ಟ್ ತನ್ನಿ... ಮುಗೀತಾ ಬಂದದೆ."

*ಸಿಡುಕುವ ಜೀವಕ್ಕೆ ಹೆಸರಿಡುವ ಮೊದಲು, ಅದಕ್ಕೆ ಎಲ್ಲಿ ನೋಯುತ್ತಿದೆ ಅಂತ ನೋಡಿ.*

ನಿಮ್ಮ ಮನೆಯ ಮೂಕಪ್ರಾಣಿಯ ಬಾಯಿ ತೆರೆದು ನೀವು ಕೊನೆಯ ಸಲ ನೋಡಿದ್ದು ಯಾವಾಗ?