ಇನ್ನೊಂದು ಸುತ್ತು

ಹೆಬ್ಬೆರಳನ್ನು ಗಾಳಿ ಜೋರಾಗಿ ತಳ್ಳಿತು. ಸ್ಪಾರ್ಕ್ ಪ್ಲಗ್ ಬಿಚ್ಚಿದ ತೂತಿನ ಮೇಲಿಂದ ಶಾಂತಕುಮಾರಿ ಬೆರಳು ತೆಗೆದಳು. ಮೊದಲ ಸಿಲಿಂಡರಿನ ಪಿಸ್ಟನ್ ಮೇಲೆ ಬಂದಿದೆ. ಕಿಡಿ ಹಾರಬೇಕಾದ ಗಳಿಗೆ ಇದೇ. ಪ್ಲಗ್ಗುಗಳಿಗೆ ಕಿಡಿ ಹಂಚುವ, ರಿಪೇರಿಯಾದ ಡಿಸ್ಟ್ರಿಬ್ಯೂಟರನ್ನು ಇದಕ್ಕೆ ಸರಿಯಾಗಿ ಕೂರಿಸಿದರೆ ಹಳೆಯ ಓಮ್ನಿ ಹೊರಡುತ್ತದೆ.

"ಬೇಗ ಮಾಡಮ್ಮಾ," ಎಂದರು ಮುನಿಆಂಜನಪ್ಪ. ಕೆ.ಆರ್.ಪುರದಿಂದ ಬರುತ್ತಾ ಹಲಸೂರಿನಲ್ಲಿ ಕೈಕೊಟ್ಟ ಗಾಡಿಯನ್ನು ತಮ್ಮಂದಿರಿಂದ ತಳ್ಳಿಸಿ ಜೋಗುಪಾಳ್ಯದ ಈ ಶೆಡ್ಡಿಗೆ ತಂದಿದ್ದರು. "ನನ್ ಮಗಳು ಯಾವಾಗ್ಲೂ ಇಲ್ಲಿಗೇ ತರೋದು ಅಂತ ಬಂದೆ. ಗಾಡಿ ನೋಡೋದು ನಿಮ್ ಮಗ ಅಂತಿದ್ಲು, ಅವನಿಲ್ವಾ?"

"ಇವತ್ತು ರಜ ಹಾಕಿದಾನೆ ಅಣ್ಣ."

"ಇವತ್ತೇ ಹಾಕ್ಬೇಕಾ? ಹನ್ನೊಂದಕ್ಕೆ ಶಿವಾಜಿನಗರದ ರಿಜಿಸ್ಟ್ರಾರ್ ಆಫೀಸಲ್ಲಿ ನನ್ ಮಗಳು ಹಂಸನ ಮದುವೆ. ನಾನಿಲ್ದೆ ಅದು ಆಗ್ಬಾರ್ದು ಕಣಮ್ಮ."

ಅವರ ಶರ್ಟಿನ ಗುಂಡಿಗಳು ಮೇಲೆ ಕೆಳಗಾಗಿದ್ದವು. ಕಣ್ಣು ಊದಿತ್ತು. ಹೊರಗೆ ನಾಲ್ವರು ತಮ್ಮಂದಿರು ಚಡಪಡಿಸುತ್ತಿದ್ದರು.

ಶಾಂತಕುಮಾರಿಯ ಕೈ ನಿಂತಿತು. ಗಡಿಯಾರ ನೋಡಿದಳು. ಹತ್ತು ಇಪ್ಪತ್ತು. ಬಗ್ಗಿ, ಸ್ಪ್ಯಾನರ್ ಹಾಕಿ ಕ್ರ್ಯಾಂಕನ್ನು ಇನ್ನೊಂದು ಪೂರ್ತಿ ಸುತ್ತು ತಿರುಗಿಸಿದಳು. ಈ ಸಲ ಬೆರಳಿಟ್ಟು ನೋಡಲಿಲ್ಲ. ಡಿಸ್ಟ್ರಿಬ್ಯೂಟರ್ ಇಳಿಸಿ ಬೋಲ್ಟ್ ಬಿಗಿದಳು, ಪ್ಲಗ್ ಹಾಕಿದಳು.

"ಕೀ ತಿರುಗಿಸಿ ಅಣ್ಣ."

ಫಟ್! ಕಾರ್ಬ್ಯುರೇಟರ್ ಬೆಂಕಿ ಉಗುಳಿತು. ಎಂಜಿನ್ ಹತ್ತಲಿಲ್ಲ.

"ಹೆಂಗಸ್ರ ಕೈಗೆ ಗಾಡಿ ಕೊಟ್ಟೆನಲ್ಲ, ನನಗೆ ಬುದ್ಧಿ ಇಲ್ಲ!"

ಗಂಡ ತೀರಿಕೊಂಡ ಹನ್ನೆರಡು ವರ್ಷಗಳಲ್ಲಿ ಶಾಂತಕುಮಾರಿಯ ಕೈಗೆ ಬಂದ ಯಾವ ಗಾಡಿಯೂ ಹೀಗೆ ಸತಾಯಿಸಿರಲಿಲ್ಲ. ಬೆವರು ಕಣ್ಣಿಗಿಳಿದು ಉರಿಯುತ್ತಿತ್ತು. ದೇವರೇ, ಇನ್ನು ಅರ್ಧ ಗಂಟೆ ನನ್ನ ಕೈ ಬಿಡಬೇಡ ಎಂದು ಒಳಗೊಳಗೇ ಬೇಡಿಕೊಂಡಳು.

ಬೋಲ್ಟ್ ಸಡಿಲಿಸಿ ಡಿಸ್ಟ್ರಿಬ್ಯೂಟರನ್ನು ಕೂದಲೆಳೆಯಷ್ಟು ಎಡಕ್ಕೆ ತಿರುಗಿಸಿದಳು. ಫಟ್! ಬಲಕ್ಕೆ ತಿರುಗಿಸಿದಳು. ಫಟ್!

ಹತ್ತು ನಲವತ್ತು.

"ಸಾಕು ಬಿಡು, ಆಟೋ ಹಿಡೀತೀವಿ." ಮುನಿಆಂಜನಪ್ಪ ಬಾಗಿಲತ್ತ ಹೊರಟೇಬಿಟ್ಟರು.

ಶಾಂತಕುಮಾರಿ ಓಡಿ ಬಂದು ಬಾಗಿಲಿಗೆ ಅಡ್ಡ ನಿಂತಳು. "ಐದು ಜನಕ್ಕೆ ಎರಡು ಆಟೋ ಬೇಕು, ಈ ಟ್ರಾಫಿಕ್ಕಲ್ಲಿ ಯಾರು ಬರ್ತಾರೆ? ಐದೇ ನಿಮಿಷ ಅಣ್ಣ. ಕೈ ಮುಗೀತೀನಿ, ಈ ಸಲ ಹತ್ತುತ್ತೆ."

ಅವಳ ಕಣ್ಣು ತುಂಬಿದ್ದು ಕಂಡು ಅವರು ಪಕ್ಕದ ಸ್ಟೂಲಿನ ಮೇಲೆ ಕುಸಿದರು. "ನೀನೂ ಮಗನ್ನ ಹೆತ್ತವಳಲ್ವಾ. ನನ್ ಸಂಕಟ ಗೊತ್ತಾಗುತ್ತಲ್ಲ."

"ಗೊತ್ತಾಗುತ್ತೆ ಅಣ್ಣ."

ಐದು ನಿಮಿಷ ಹತ್ತಾಯಿತು, ಹತ್ತು ಇಪ್ಪತ್ತಾಯಿತು. ತಮ್ಮಂದಿರು ಆಟೋ ಹುಡುಕಲು ಮುಖ್ಯರಸ್ತೆಗೆ ಓಡಿದರು. ಹನ್ನೊಂದು ಹತ್ತಕ್ಕೆ ಮುನಿಆಂಜನಪ್ಪನವರ ಫೋನು ಹೊಡೆದುಕೊಂಡಿತು. ಹಂಸಳದೇ ಕರೆ. ಅವರು ಕೇಳಿಸಿಕೊಂಡರಷ್ಟೇ. ಫೋನನ್ನು ತೊಡೆಯ ಮೇಲಿಟ್ಟರು.

"ಸೈನ್ ಆಗ್ಹೋಯ್ತಂತೆ. ಬೆಳಿಗ್ಗೆ ಅವಳ ಚೀಟಿ ಸಿಕ್ತು. ಹುಡುಗ ಯಾರು, ಎತ್ತ, ಒಂದೂ ಗೊತ್ತಿಲ್ಲ. ಸೈನ್ ಹಾಕೋ ಮೊದ್ಲೇ ಎಳ್ಕೊಂಡು ಬರೋಣ ಅಂತ ಹೊರಟಿದ್ದೆ." ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದರು. "ಕೊನೆಗೆ ಏನ್ ಹೇಳಿದ್ಲು ಗೊತ್ತಾ? ಅಪ್ಪಾ, ಊಟ ಮಾಡಿದ್ಯಾ ಅಂತ."

ಶಾಂತಕುಮಾರಿ ಓಮ್ನಿಯತ್ತ ನಡೆದಳು. ಡಿಸ್ಟ್ರಿಬ್ಯೂಟರನ್ನು ಮೇಲೆತ್ತಿ, ತಾನು ಹೆಚ್ಚಿಗೆ ತಿರುಗಿಸಿದ್ದ ಆ ಒಂದು ಸುತ್ತಿಗೆ ಸರಿಹೋಗುವಂತೆ ಒಳಗಿನ ರೋಟರನ್ನು ಅರ್ಧ ಸುತ್ತು ತಿರುಗಿಸಿ, ಮತ್ತೆ ಕೂರಿಸಿದಳು. ಎರಡು ನಿಮಿಷವೂ ಹಿಡಿಯಲಿಲ್ಲ. ತಾನೇ ಕೀ ತಿರುಗಿಸಿದಳು. ಒಂದೇ ಸಲಕ್ಕೆ ಎಂಜಿನ್ ಹತ್ತಿ, ಹದವಾಗಿ ಓಡತೊಡಗಿತು.

ಮುನಿಆಂಜನಪ್ಪ ತಲೆಯೆತ್ತಿ ಗಾಡಿಯನ್ನೂ ಅವಳನ್ನೂ ದಿಟ್ಟಿಸಿದರು. ಅವಳು ಕೈ ತೊಳೆದು, ಲೋಟದ ತುಂಬ ನೀರು ತಂದು ಎರಡೂ ಕೈಯಿಂದ ಅವರ ಮುಂದೆ ಹಿಡಿದಳು.

"ಮೊದ್ಲು ನೀರು ಕುಡೀರಿ, ಬೀಗರೇ."