ಅಲ್ಮೇರಾದ ಹಿಂದಿನ ಸ್ವಿಚ್ಚು

ಬೆಳಿಗ್ಗೆ ಹತ್ತೂವರೆಗೆ ನವಜಾತ ಶಿಶುಗಳ ವಾರ್ಡಿನ ದೊಡ್ಡ ಪರದೆಯಿಂದ ಹನ್ನೊಂದು ಕೂಸುಗಳೂ ಒಟ್ಟಿಗೆ ಮಾಯವಾದವು. ಕೂಸುಗಳು ಎಲ್ಲಿಗೂ ಹೋಗಿರಲಿಲ್ಲ, ಮೂರು ಕೋಣೆಗಳಲ್ಲಿ ತಮ್ಮ ತಮ್ಮ ಗಾಜಿನ ಪೆಟ್ಟಿಗೆಗಳಲ್ಲಿ ಮಲಗಿದ್ದವು. ಆದರೆ ಅವುಗಳ ಉಸಿರು, ಎದೆಬಡಿತ ಎಲ್ಲವೂ ಒಂದೇ ಕಡೆ ಕಾಣುತ್ತಿದ್ದದ್ದು ಆ ಪರದೆಯಲ್ಲಿ. ಈಗ ಪ್ರತಿ ಪೆಟ್ಟಿಗೆಯ ಬಳಿಗೂ ಹೋಗಿ ಬಗ್ಗಿ ನೋಡಬೇಕು, ಇದ್ದದ್ದು ಇಬ್ಬರೇ ನರ್ಸುಗಳು. ಹಿರಿಯ ಸಿಸ್ಟರ್ ಕಾಲಿಗೆ ಚಕ್ರ ಕಟ್ಟಿಕೊಂಡವರಂತೆ ಓಡಾಡುತ್ತಲೇ ನೆಟ್‌ವರ್ಕ್ ಎಂಜಿನಿಯರಿಗೆ ಫೋನ್ ಮಾಡಿದರು.

ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಗಿದ್ದ ಹುಡುಗಿ ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಬಂದಳು.

"ಎಷ್ಟು ಹೊತ್ತಾಗುತ್ತಮ್ಮ?"

"ಐದೇ ನಿಮಿಷ ಸಿಸ್ಟರ್."

ಈ ಧೈರ್ಯಕ್ಕೆ ಕಾರಣವಿತ್ತು. ಅವಳು ತರಿಸಿದ್ದ ಹೊಸ ತಂತ್ರಾಂಶ ಒಂದೇ ಮಧ್ಯಾಹ್ನದಲ್ಲಿ ಆಸ್ಪತ್ರೆಯ ನೆಟ್‌ವರ್ಕನ್ನೆಲ್ಲ ಜಾಲಾಡಿ ತಾನೇ ನಕ್ಷೆ ಬರೆದುಕೊಂಡಿತ್ತು. ಅದಕ್ಕೆ ಮೊದಲು ಇದ್ದದ್ದು, ನಿವೃತ್ತರಾದ ಹಿಂದಿನ ಎಂಜಿನಿಯರ್ ಕಂಪ್ಯೂಟರಿನಲ್ಲಿ ಒಂದೊಂದೇ ಗೆರೆ ಎಳೆದು ಮಾಡಿದ ನಲವತ್ತೆರಡು ಪುಟ. ಕಣ್ಣಾರೆ ಕಾಣದ ವೈರನ್ನು ಅವರು ಬರೆಯುತ್ತಿರಲಿಲ್ಲವಂತೆ. ಮೇಜಿನಡಿ ತೆವಳಿ, ಏಣಿ ಹತ್ತಿ, ಹಿಂಬಾಲಿಸಿ ಹೋಗಿ ನೋಡಿಯೇ ಗೆರೆ ಎಳೆಯುವವರು. ಆಸ್ಪತ್ರೆಗೆಲ್ಲ ಅವರು 'ಗೆರೆ ಮೇಷ್ಟ್ರು'. ಕಿಟಕಿ, ಕುರ್ಚಿ, ಅಲ್ಮೇರಾಗಳನ್ನೂ ಬಿಡದೆ ಬರೆದಿದ್ದರು. ಇದೇನು ನೆಟ್‌ವರ್ಕ್ ನಕ್ಷೆಯೋ ಮನೆ ಸಾಮಾನಿನ ಪಟ್ಟಿಯೋ ಎಂದು ಹುಡುಗಿ ನಕ್ಕು ಅದನ್ನು 'ಹಳೇದು' ಎಂಬ ಫೋಲ್ಡರಿಗೆ ತಳ್ಳಿದ್ದಳು.

ಹೊಸ ನಕ್ಷೆಯಲ್ಲಿ ಕೆಳಮಹಡಿಯಲ್ಲಿ ನೆಟ್‌ವರ್ಕಿನ ವೈರುಗಳೆಲ್ಲ ಬಂದು ಸೇರುವ ದೊಡ್ಡ ಸ್ವಿಚ್ಚಿನಿಂದ ವಾರ್ಡಿಗೆ ನೇರವಾಗಿ ಒಂದು ಕೆಂಪು ಗೆರೆ, ಮಧ್ಯೆ ಏನೂ ಇಲ್ಲ. ಅವಳು ಕೆಳಗಿಳಿದು ಕೇಬಲ್ ಬದಲಿಸಿದಳು, ಅದನ್ನು ಸಿಕ್ಕಿಸುವ ಪೋರ್ಟ್ ಬದಲಿಸಿದಳು, ಮೇಲೆ ಬಂದು ನೋಡಿದಳು. ಪರದೆ ಖಾಲಿ. ಐದು ನಿಮಿಷ ಇಪ್ಪತ್ತೈದಾಗಿತ್ತು.

ಅಷ್ಟರಲ್ಲಿ ಎರಡನೇ ಕೋಣೆಯಿಂದ ಪೆಟ್ಟಿಗೆಯೊಂದರ ಯಂತ್ರದ ಕೀಂಕೀಂ ಸದ್ದು. ಸಿಸ್ಟರ್ ಓಡಿದರು. ಅಂಗೈಯಗಲದ ಕೂಸೊಂದರ ಅಂಗಾಲನ್ನು ಬೆರಳಿನಿಂದ ತಟ್ಟಿದರು. ಕೂಸು ಮೈ ಮುರಿದು ಉಸಿರೆಳೆದುಕೊಂಡಿತು.

"ಉಸಿರಾಡೋದನ್ನೇ ಮರೀತಾಳೆ ಕಳ್ಳಿ. ಪರದೆ ಇದ್ರೆ ನಿಧಾನ ಆಗ್ತಿರೋದು ಮೊದಲೇ ಕಾಣ್ತಿತ್ತು." ತಿರುಗದೆಯೇ ಕೇಳಿದರು: "ಗೆರೆ ಮೇಷ್ಟ್ರ ನಕ್ಷೆಯಲ್ಲಿ ನೋಡಿದ್ಯಾ?"

ಹುಡುಗಿಯ ಮುಖ ಸಪ್ಪಗಾಯಿತು. ಅಲ್ಲೇ ನೆಲದ ಮೇಲೆ ಕೂತು 'ಹಳೇದು' ತೆರೆದಳು. ಮೂವತ್ತೊಂದನೇ ಪುಟದಲ್ಲಿ ಈ ವಾರ್ಡು. ಅವಳ ನಕ್ಷೆಯಲ್ಲಿ ಏನೂ ಇಲ್ಲದ ಜಾಗದಲ್ಲಿ, ಬಟ್ಟೆ ಅಲ್ಮೇರಾದ ಹಿಂದೆ, ಒಂದು ಪುಟ್ಟ ಚೌಕ. ಒತ್ತಿದರೆ ಟಿಪ್ಪಣಿ ತೆರೆದುಕೊಂಡಿತು.

"ಹದಿನಾರು ಪೋರ್ಟಿನ ಸ್ವಿಚ್ಚು. ಅಗ್ಗದ್ದು. ಯಾರು ಕೇಳಿದರೂ ತನ್ನ ಹೆಸರು ಹೇಳುವುದಿಲ್ಲ, ಆದ್ದರಿಂದ ಯಾವ ತಂತ್ರಾಂಶಕ್ಕೂ ಕಾಣುವುದಿಲ್ಲ. ಒಳ್ಳೆಯದು ಕೊಡಿಸಿ ಎಂದು ಆರು ಸಲ ಬರೆದೆ. ಇದರ ಅಡಾಪ್ಟರ್ ಬಿಸಿಯಾಗುತ್ತದೆ, ಒಂದು ದಿನ ಕೈಕೊಡುವುದು ಖಂಡಿತ. ಬದಲಿ ಅಡಾಪ್ಟರ್ ಅಲ್ಮೇರಾದ ಮೇಲೆ, ಬಿಸ್ಕತ್ತಿನ ಡಬ್ಬಿಯಲ್ಲಿದೆ. ಗಾಬರಿ ಬೇಡ."

ಇಬ್ಬರೂ ಸೇರಿ ಅಲ್ಮೇರಾ ಸರಿಸಿದರು. ಸ್ವಿಚ್ಚು ಇತ್ತು, ಒಂದು ದೀಪವೂ ಉರಿಯುತ್ತಿರಲಿಲ್ಲ. ಅಡಾಪ್ಟರ್ ಸುಟ್ಟ ವಾಸನೆ ಹೊಡೆಯುತ್ತಿತ್ತು. ಡಬ್ಬಿಯೂ ಇತ್ತು, ಮೇಲೆ ಒಂದು ಗೇಣು ಧೂಳು. ಹೊಸದನ್ನು ಸಿಕ್ಕಿಸಿದ ಮೇಲೆ ಪರದೆಯಲ್ಲಿ ಒಂದೊಂದೇ ಕೂಸಿನ ಎದೆಬಡಿತದ ಗೆರೆ ಏಳತೊಡಗಿತು. ಸಿಸ್ಟರ್ ಬೆರಳು ಮಡಿಚಿ ಎಣಿಸಿದರು. ಹನ್ನೊಂದು ಎಂದವರೇ ಸ್ಟೂಲಿನ ಮೇಲೆ ಕುಸಿದು ಕೂತರು.

"ಪುಣ್ಯ ಬರಲಿ ನಿಂಗೆ."

"ನಂಗಲ್ಲ ಸಿಸ್ಟರ್," ಎಂದಳು ಹುಡುಗಿ. 'ಗಾಬರಿ ಬೇಡ' ಎಂದು ಆ ಮನುಷ್ಯ ಬರೆದದ್ದು ಯಾರಿಗೆ? ಮುಖವನ್ನೇ ಕಾಣದ, ಇನ್ನೂ ಬಂದೇ ಇರದ ತನಗೆ. ನಕ್ಕಿದ್ದಕ್ಕೆ ನಾಚಿಕೆಯಾಯಿತು. ಆದರೆ ನಾಚಿಕೆಗಿಂತ ದೊಡ್ಡದಾಗಿ ಇನ್ನೇನೋ ಎದೆ ತುಂಬಿ ಬಂತು. "ಅವರ ನಂಬರ್ ಇದ್ಯಾ?"

ವಾರ್ಡಿನ ಫೋನಿನಿಂದಲೇ ಮಾಡಿದಳು. ಎರಡನೇ ರಿಂಗಿಗೇ ಎತ್ತಿದರು. ಆ ನಂಬರು ಅವರಿಗೆ ಇನ್ನೂ ಬಾಯಿಪಾಠ ಇದ್ದಿರಬೇಕು.

"ಏನು ಕೆಟ್ಟಿತು? ಚಪ್ಪಲಿ ಹಾಕ್ಕೋತಿದ್ದೀನಿ, ಈಗ ಬಂದೆ."

"ಏನೂ ಕೆಟ್ಟಿಲ್ಲ ಸರ್. ಕೆಟ್ಟಿತ್ತು. ನಿಮ್ಮ ನಕ್ಷೆ ನೋಡಿ ಸರಿ ಮಾಡ್ದೆ. ಕೂಸುಗಳೆಲ್ಲ ಚೆನ್ನಾಗಿವೆ. ಅದನ್ನ ಹೇಳೋಣ ಅಂತ ಮಾಡ್ದೆ, ಅಷ್ಟೇ."

ಆ ಕಡೆ ಚಪ್ಪಲಿ ಬಿಟ್ಟ ಸದ್ದಾಯಿತು. ಆಮೇಲೆ ಮೆಲ್ಲನೆ ಕೇಳಿತು:

"ಸರಿ ಹೋಯ್ತು ಅಂತ ಹೇಳೋಕೂ ಫೋನ್ ಮಾಡ್ತಾರೇನಮ್ಮ?"