ಮಾಯಮ್ಮನ ಮುಯ್ಯಿ

“ನಿನ್ನ ಫೋನ್‌ನಾಗಿರೋ ಆಳುಗಳು ನನ್ನ ಹೊಲನ ಬುಟ್ಬುಟ್ಟವಂತಲ್ಲವ್ವಾ?”

ಪ್ಲಾಸ್ಟರ್ ಹಾಕಿದ ಬಲಗೈಯನ್ನು ಸೆರಗಿನಲ್ಲಿ ತೂಗಿಹಾಕಿಕೊಂಡು ಮಾಯಮ್ಮ ಅನುಷಾಳ ಮನೆ ಬಾಗಿಲಲ್ಲಿ ನಿಂತಿದ್ದಳು. ಅವಳ ರಾಗಿ ಕೊಯ್ಲಿಗೆ ಬಂದು ತೆನೆ ಬಗ್ಗಿತ್ತು. ಸೋಲೂರಿನ ಕಡೆ ಮೋಡ ಕಟ್ಟುತ್ತಿತ್ತು.

ಅನುಷಾಳ ಮುಖ ಸಣ್ಣದಾಯಿತು. ಕೊಯ್ಲಿನ ಸರದಿ ನೋಡಿಕೊಳ್ಳಲೆಂದು ಆ ತಂತ್ರಾಂಶವನ್ನು ಊರಿಗೆ ತಂದವಳು ಅವಳೇ. ಅದರಲ್ಲಿ ಮೂರು ಎಐ ಏಜೆಂಟುಗಳು. ಒಂದೊಂದಕ್ಕೂ ಅವಳು ಒಂದೊಂದು ಕೆಲಸ ಒಪ್ಪಿಸಿದ್ದಳು. ಒಂದು ಮಳೆಯ ಸುದ್ದಿ ನೋಡುತ್ತಿತ್ತು, ಇನ್ನೊಂದು ಯಾವತ್ತು ಯಾರ ಹೊಲ ಎಂದು ಗೊತ್ತುಮಾಡುತ್ತಿತ್ತು, ಮತ್ತೊಂದು ಎಲ್ಲರಿಗೂ ಫೋನ್ ಮಾಡಿ ತಿಳಿಸುತ್ತಿತ್ತು. ನಿಯಮ ಮಾತ್ರ ಊರಿನ ಹಳೆಯ ಮುಯ್ಯಾಳಿನದು: ಇವತ್ತು ನಾನು ನಿನ್ನ ಹೊಲಕ್ಕೆ ಬಂದರೆ, ನಾಳೆ ನೀನು ನನ್ನ ಹೊಲಕ್ಕೆ. ಕೈ ಮುರಿದುಕೊಂಡ ಮಾಯಮ್ಮ ಈ ಸಲ ಯಾರ ಹೊಲಕ್ಕೂ ಹೋಗಿರಲಿಲ್ಲ. ಏಜೆಂಟು ಆ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿ ಅವಳ ಹೆಸರನ್ನೇ ಬಿಟ್ಟಿತ್ತು.

“ದೊಡ್ಡವ್ವ, ಈಗ್ಲೇ ನಿನ್ನ ಹೆಸ್ರು ಸೇರಿಸ್ತೀನಿ. ನೀನೇನೂ ಮುಯ್ಯಿ ತೀರಿಸೋದು ಬ್ಯಾಡ.”

“ಧರ್ಮಕ್ಕೆ ಕುಯ್ಸ್ಕಂಡ ರಾಗಿ ಗಂಟಲಲ್ಲಿ ಇಳೀತದೇನವ್ವಾ?” ಮಾಯಮ್ಮನ ದನಿ ಗಡುಸಾಯಿತು. “ನಾನು ಅದ್ಕಲ್ಲ ಬಂದಿರೋದು. ಎಡಗೈಲಿ ಮಾಡೋ ಅಂತ ಕೆಲ್ಸ ಏನಾರ ಐತಾ, ಒಸಿ ಕೇಳು ಅವ್ಕೆ.”

ಅನುಷಾ ಯೋಚಿಸಿದಳು. ಮನುಷ್ಯರೊಬ್ಬರು ಒಪ್ಪಿಗೆ ಕೊಡದೆ ಆ ಏಜೆಂಟುಗಳು ಒಂದು ಹೆಜ್ಜೆಯೂ ಮುಂದಿಡುತ್ತಿರಲಿಲ್ಲ. ಒಪ್ಪಿಗೆ ಕೊಡಬೇಕಾದ ಅವಳೋ ದಿನವಿಡೀ ಕುಡುಗೋಲು ಹಿಡಿದು ಹೊಲದಲ್ಲಿ. ಹಿಂದಿನ ದಿನ ಏಜೆಂಟು ಇವಳ ಒಪ್ಪಿಗೆಗಾಗಿ ಕಾದು, ಯಾರಿಗೂ ಫೋನ್ ಹೋಗದೆ, ಅರ್ಧ ಊರು ಬದುವಿನ ಮೇಲೆ ಸುಮ್ಮನೆ ಕೂತಿತ್ತು.

“ಐತೆ ದೊಡ್ಡವ್ವ. ಈ ಏಜೆಂಟ್‌ಗಳು ಏನಾದ್ರೂ ಕೇಳ್ತಾ ಇರ್ತವೆ. ನೀನು ಯೋಚ್ನೆ ಮಾಡಿ ಹೂಂ ಇಲ್ಲಾ ಊಹೂಂ ಅನ್ಬೇಕು. ಹೂಂ ಅಂದ್ರೆ ಇಲ್ಲಿ ಹೆಬ್ಬೆಟ್ಟು ಒತ್ತು.”

“ಏಜೆಂಟ್ ಅಂದ್ರೆ ಜಮೀನು ಮಾರ್ಸೋರಾ? ಹಂಗಾದ್ರೆ ಹೆಬ್ಬೆಟ್ಟು ಒತ್ತಾಕಿಲ್ಲ ಮತ್ತೆ!”

ಅಲ್ಲ ಎಂದು ಅನುಷಾ ಆಣೆ ಇಟ್ಟ ಮೇಲೆಯೇ ಮಾಯಮ್ಮ ಅವಳ ಫೋನ್ ತೆಗೆದುಕೊಂಡಳು. ಅನುಷಾ ಆ ಕೆಲಸವನ್ನೂ ಮುಯ್ಯಿ ಎಂದು ತಂತ್ರಾಂಶಕ್ಕೆ ತಿಳಿಸಿ, ಅವಳ ಹೊಲಕ್ಕೆ ಶುಕ್ರವಾರವನ್ನು ಗೊತ್ತುಮಾಡಿದಳು. ಸುದ್ದಿ ಕೇಳಿ, ಅದೇ ಸರದಿಯಲ್ಲಿದ್ದ ರೈತ ಗಂಗರಾಜು ಉರಿದುಬಿದ್ದ. ಅವನ ಮಾತು ಮಾಯಮ್ಮ ಕೂತಿದ್ದ ಜಗಲಿಯವರೆಗೂ ಕೇಳಿಸಿತು: “ಸೊಂಟ ಬಗ್ಸೋರು ನಾವು. ಜಗಲಿ ಮ್ಯಾಲೆ ಕುಂತು ಬೆಟ್ಟು ಒತ್ತೋದೂ ಒಂದು ಮುಯ್ಯಾ?” ಅವತ್ತು ಮಾಯಮ್ಮನಿಗೆ ಮುದ್ದೆ ರುಚಿಸಲಿಲ್ಲ.

ಶುಕ್ರವಾರ ಬೆಳಿಗ್ಗೆ ಆಳುಗಳು ಮನೆಯಿಂದ ಹೊರಡುವ ಮೊದಲೇ ಫೋನ್ ಸದ್ದು ಮಾಡಿತು. “ಸಂಜೆ ಮಳೆಯಾಗಬಹುದು. ಗಂಗರಾಜು ಅವರ ರಾಗಿಯನ್ನು ಕೊಯ್ದು ಒಣಗಲು ಹರವಿದ್ದಾರೆ. ನಿಂತ ರಾಗಿಗಿಂತ ಕೊಯ್ದ ರಾಗಿಗೆ ಹೆಚ್ಚು ನಷ್ಟ. ಇಂದು ಮಾಯಮ್ಮ ಅವರ ಹೊಲದ ಬದಲು ಅಲ್ಲಿ ಕಂತೆ ಕಟ್ಟಿಸಿ ಮೆದೆ ಹಾಕಿಸಬಹುದೇ? ಒಪ್ಪಿಗೆಗಾಗಿ ಕಾಯುತ್ತಿದ್ದೇನೆ.”

ಮಾಯಮ್ಮ ತನ್ನ ಹೊಲದ ಕಡೆ ನೋಡಿದಳು. ಇಷ್ಟು ದಿನ ಕಾದು ಬಂದ ಸರದಿ. ಅದೂ ಯಾರಿಗಾಗಿ, ಆ ಗಂಗರಾಜನಿಗಾಗಿ! ಊಹೂಂ ಅಂದರೆ ಕೇಳುವವರಿರಲಿಲ್ಲ. ಹೆಬ್ಬೆಟ್ಟು ಒಂದು ಗಳಿಗೆ ಗಾಳಿಯಲ್ಲೇ ನಿಂತಿತು. ಆಮೇಲೆ ಒತ್ತಿದಳು.

“ಬಿರ್ನೆ ಎಲ್ರಿಗೂ ಹೇಳಪ್ಪಾ. ಏನಾರ ಉಂಡ್ಯಾ?”

“ನಾನು ಊಟ ಮಾಡುವುದಿಲ್ಲ. ಫೋನ್ ಮಾಡುತ್ತಿದ್ದೇನೆ.”

ಕೊನೆಯ ಕಂತೆ ಮೆದೆ ಸೇರುವ ಹೊತ್ತಿಗೆ ಮೊದಲ ಹನಿ ಬಿತ್ತು. ರಾತ್ರಿಯ ಮಳೆಗೆ ಮಾಯಮ್ಮನ ರಾಗಿ ಅಲ್ಲಲ್ಲಿ ನೆಲಕ್ಕೊರಗಿತು. ಇನ್ನೊಂದು ಮಳೆ ಬಂದರೆ ತೆನೆಯಲ್ಲೇ ಮೊಳಕೆ.

ಬಿಸಿಲು ಬಂದ ಮೇಲೆ ಫೋನ್ ಮತ್ತೆ ಕೇಳಿತು: “ನಾಳೆ ಮಾಯಮ್ಮ ಅವರ ಹೊಲ. ಒಪ್ಪಿಗೆ ಇದೆಯೇ?”

ಅವಳು ಒತ್ತಲಿಲ್ಲ. ಫೋನ್ ಹಿಡಿದುಕೊಂಡು ಕೆರೆ ಹಿಂದಿನ ಹೊಲಕ್ಕೆ ನಡೆದಳು. ಅವತ್ತಿನ ಸರದಿಯಂತೆ ಊರಿನ ಆಳೆಲ್ಲ ಅಲ್ಲಿ ಕೊಯ್ಲಿನಲ್ಲಿತ್ತು. ಸೀದಾ ಗಂಗರಾಜುವಿನ ಮುಂದೆ ನಿಂತು ಫೋನ್ ಚಾಚಿದಳು.

“ನನ್ನ ಹೊಲಕ್ಕೆ ನಾನೇ ಹೂಂ ಅನ್ನೋದು ಸರಿ ಬರಾಕಿಲ್ಲ ಗಂಗರಾಜ. ನಾನು ಮಾಡಿದ್ದು ಮುಯ್ಯಿ ಅಲ್ಲ ಅನ್ನಂಗಿದ್ರೆ ಊಹೂಂ ಅನ್ನು, ನಂಗೇನೂ ಬ್ಯಾಸ್ರ ಇಲ್ಲ.”

ಕುಡುಗೋಲುಗಳೆಲ್ಲ ನಿಂತವು. ಅನುಷಾಳೂ ಸೊಂಟ ನೇರ ಮಾಡಿದಳು. ಗಂಗರಾಜು ಫೋನ್ ನೋಡಿದ. ಆಚೆ ಬದಿಯಲ್ಲಿ ಮಳೆಗೆ ಕೆಡದೆ ನಿಂತ ತನ್ನ ಮೆದೆ ನೋಡಿದ. ಕುಡುಗೋಲನ್ನು ಕಂಕುಳಿಗೆ ಸಿಕ್ಕಿಸಿ, ಹೆಬ್ಬೆಟ್ಟನ್ನು ಟವೆಲ್ಲಿಗೆ ಒರೆಸಿಕೊಂಡು ಒತ್ತಿದ.

“ತಪ್ಪು ಮಾತಾಡ್ಬುಟ್ಟೆ ಕಣಕ್ಕಾ,” ಎಂದ. “ನೀನು ಮಾಡಿದ್ದೂ ಕೆಲ್ಸಾನೇ.”

ಅವನ ಮಾತು ಮುಗಿಯುವುದರೊಳಗೆ ಅವನ ಜೇಬಿನ ಫೋನೇ ಹೊಡೆದುಕೊಂಡಿತು. ಹಿಂದೆಯೇ ಸೀರೆಯ ಮಡಿಲುಗಳಲ್ಲಿ, ಹೊಂಗೆ ಮರದಡಿಯ ಬುತ್ತಿ ಕುಕ್ಕೆಯಲ್ಲಿ, ಬದುವಿನ ಮೇಲೆ ಬಿಚ್ಚಿಟ್ಟ ಅಂಗಿಗಳಲ್ಲಿ, ಒಂದರ ಹಿಂದೊಂದು ಫೋನುಗಳು ಕೂಗತೊಡಗಿದವು. ಎಲ್ಲರಿಗೂ ವಿಷಯ ಗೊತ್ತಿತ್ತು. ಆದರೂ ಒಬ್ಬೊಬ್ಬರೂ ಫೋನ್ ಎತ್ತಿ, ಮಾಯಮ್ಮನ ಮುಖ ನೋಡುತ್ತಲೇ ಹೇಳಿದರು: “ಹೂಂ, ಬತ್ತೀನಿ.” “ನಾನೂ ಬತ್ತೀನಿ.”

ಕಟ್ಟಕಡೆಗೆ ಮಾಯಮ್ಮನ ಎಲೆಅಡಿಕೆ ಚೀಲದೊಳಗಿನ ಅವಳದೇ ಫೋನೂ ಕೂಗಿತು. ಅನುಷಾ ಅದನ್ನು ತೆಗೆದು ಅವಳ ಕಿವಿಗಿಟ್ಟಳು.

“ಮಾಯಮ್ಮ ಅವರೇ, ನಾಳೆ ನಿಮ್ಮ ಹೊಲಕ್ಕೆ ಆಳುಗಳು ಬರುತ್ತಾರೆ.”

“ಗೊತ್ತು ಕಣಪ್ಪಾ,” ಮಾಯಮ್ಮ ಎಡಗೈಯಲ್ಲಿ ಕಣ್ಣೊರೆಸಿಕೊಂಡಳು. “ಎಲ್ರೂ ಕಣ್ಮುಂದೇನೇ ನಿಂತವ್ರೆ.”